ಕ್ಯಾಮೆರಾ ಡಬ್ಬಿ ಮೇಲಿನ ಡಿಬಿ, ಮೆಗಾಪಿಕ್ಸೆಲ್, ಲಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಇದ್ದುಕೊಂಡು ಧಾರವಾಡ, ಗದಗ, ಹಾವೇರಿ ಕಡೆ ಅಂಗಡಿ, ಮನೆ, ಗೋದಾಮುಗಳಿಗೆ ಕ್ಯಾಮೆರಾ ಕೂಡಿಸುವ ಕೆಲಸ ನನ್ನದು. ನಾನು ಏಣಿ ಹತ್ತಿದ ಕೂಡಲೇ ಕೆಳಗಿನಿಂದ ಪ್ರಶ್ನೆ ಶುರುವಾಗುತ್ತವೆ. ಕೈಯಲ್ಲಿ ಡ್ರಿಲ್ ಹಿಡಿದುಕೊಂಡು ಡಿಬಿ ಅಂದರೆ ಏನು ಅಂತ ಹೇಳೋದು ಕಷ್ಟ ಅಲ್ವಾ, ಅದಕ್ಕೆ ಕುಳಿತು ಬರೆದಿದ್ದೇನೆ.

ಸ್ಪೆಕ್ ಶೀಟ್‌ನಲ್ಲಿ "ಎಸ್/ಎನ್ ರೇಷಿಯೋ" ಅಂತ ಇರುತ್ತದಲ್ಲ, ಅದೇನು?

ಹಳೇ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಕೇಳಿದವರಿಗೆ ಇದು ಅರ್ಧ ಗೊತ್ತಿರುವ ವಿಷಯವೇ. ಮುಳ್ಳನ್ನು 765 ಕಿಲೋಹರ್ಟ್ಸ್‌ಗೆ ತಂದು ನಿಲ್ಲಿಸಿದರೆ ವಾರ್ತೆ ಬರುತ್ತದೆ, ಅದರ ಹಿಂದೆ ಗರ್ ಅಂತ ಒಂದು ಸದ್ದೂ ಇರುತ್ತದೆ. ವಾರ್ತೆ ಸಿಗ್ನಲ್, ಗರ್ ಅನ್ನೋದು ನಾಯ್ಸ್. ಸ್ಟೇಷನ್‌ನಿಂದ ದೂರ ಹೋದಷ್ಟೂ ವಾರ್ತೆ ಸಣ್ಣದಾಗುತ್ತದೆ, ಗರ್ ಮಾತ್ರ ಇದ್ದಲ್ಲೇ ಇರುತ್ತದೆ.

ಕ್ಯಾಮೆರಾದಲ್ಲಿ ಸೆನ್ಸರ್ ಮೇಲೆ ಬೀಳುವ ಬೆಳಕೇ ವಾರ್ತೆ. ಸೆನ್ಸರ್ ಮತ್ತು ಅದರ ಸರ್ಕ್ಯೂಟ್ ತಾವೇ ಹುಟ್ಟಿಸುವ ಚುಕ್ಕಿಗಳು ಗರ್. ರಾತ್ರಿ ಪರದೆ ತುಂಬ ಇರುವೆ ಹರಿದಾಡಿದ ಹಾಗೆ ಕಾಣುತ್ತದಲ್ಲ, ಅದೇ ನಾಯ್ಸ್. ವಾರ್ತೆ ಗರ್‌ಗಿಂತ ಎಷ್ಟು ಪಟ್ಟು ಜೋರು ಅನ್ನೋದೇ ಎಸ್/ಎನ್, ಅಂದರೆ ಸಿಗ್ನಲ್-ನಾಯ್ಸ್ ರೇಷಿಯೋ. ಅದನ್ನು ಡಿಬಿ, ಅಂದರೆ ಡೆಸಿಬೆಲ್ ಲೆಕ್ಕದಲ್ಲಿ ಬರೆಯುತ್ತಾರೆ.

ಒಂದರಲ್ಲಿ 50 ಡಿಬಿ, ಇನ್ನೊಂದರಲ್ಲಿ 52 ಡಿಬಿ. ಎರಡು ಡಿಬಿಗೆ ದುಡ್ಡು ಜಾಸ್ತಿ ಕೊಡಬೇಕಾ?

ಬೇಡ. ಡಿಬಿ ನಮ್ಮ ಸಾದಾ ಲೆಕ್ಕದ ಹಾಗೆ ಏರುವುದಿಲ್ಲ. 20 ಡಿಬಿ ಅಂದರೆ 10 ಪಟ್ಟು, 40 ಅಂದರೆ 100 ಪಟ್ಟು, 60 ಅಂದರೆ 1,000 ಪಟ್ಟು. ಪ್ರತಿ 6 ಡಿಬಿಗೆ ಸುಮಾರು ಎರಡು ಪಟ್ಟಾಗುತ್ತದೆ. 50 ಡಿಬಿ ಅಂದರೆ ಸಿಗ್ನಲ್ ನಾಯ್ಸ್‌ಗಿಂತ ಸುಮಾರು 316 ಪಟ್ಟು, 52 ಅಂದರೆ ಸುಮಾರು 400 ಪಟ್ಟು. ಹೇಳಲಿಕ್ಕೆ ದೊಡ್ಡದು, ಕಣ್ಣಿಗೆ ಮಾತ್ರ ಗೊತ್ತೇ ಆಗುವುದಿಲ್ಲ. 40ಕ್ಕೂ 50ಕ್ಕೂ ಇರುವ ಫರಕು ಕಾಣುತ್ತದೆ, 50 ದಾಟಿದ ಮೇಲೆ ಹಗಲಿನ ಚಿತ್ರ ಎಲ್ಲದರದ್ದೂ ಚೊಕ್ಕವೇ.

ಹಾಗಾದರೆ 62 ಡಿಬಿ ಅಂತ ಬರೆದ ಕ್ಯಾಮೆರಾ ರಾತ್ರಿ ಭಾರೀ ಚೆನ್ನಾಗಿರಬೇಕಲ್ಲ?

ಎಲ್ಲರೂ ಮೋಸ ಹೋಗೋದು ಇಲ್ಲೇ. ಆ ಅಂಕಿ ಪಕ್ಕದಲ್ಲಿ "ಎಜಿಸಿ ಆಫ್" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ನೋಡಿ. ಎಜಿಸಿ ಅಂದರೆ ಬೆಳಕು ಕಡಿಮೆಯಾದಾಗ ಕ್ಯಾಮೆರಾ ತಾನೇ ತಿರುವಿಕೊಳ್ಳುವ ವಾಲ್ಯೂಮ್ ಗುಂಡಿ. ಅದನ್ನು ಬಂದ್ ಮಾಡಿ, ಬೆಳಕು ಚೆನ್ನಾಗಿ ಕೊಟ್ಟು ಅಳೆದ ಅಂಕಿ ಅದು. ನಿಮ್ಮ ಓಣಿಯಲ್ಲಿ ರಾತ್ರಿ ಎರಡು ಗಂಟೆಗೆ ಎಜಿಸಿ ಆಫ್ ಇರುವುದಿಲ್ಲ, ಪೂರ್ತಿ ತಿರುವಿ ಕೂತಿರುತ್ತದೆ. ರೇಡಿಯೋ ವಾಲ್ಯೂಮ್ ಏರಿಸಿದರೆ ವಾರ್ತೆ ಜೊತೆಗೆ ಗರ್ ಕೂಡ ಏರುವುದಿಲ್ಲವೇ, ಹಾಗೇ. ಚಿತ್ರ ಬೆಳ್ಳಗಾಗುತ್ತದೆ, ಇರುವೆಗಳೂ ದಪ್ಪ ಆಗುತ್ತವೆ.

ನಾನಂತೂ ಆ ಸಾಲನ್ನು ಓದಿ ಮುಂದೆ ಹೋಗುತ್ತೇನೆ. ಸೆನ್ಸರ್ ಎಷ್ಟು ದೊಡ್ಡದು, ಲೆನ್ಸ್‌ನ ಎಫ್ ನಂಬರ್ ಎಷ್ಟು ಅನ್ನೋದನ್ನು ನೋಡಿದರೆ ರಾತ್ರಿಯ ಎಸ್/ಎನ್ ಬಗ್ಗೆ ಜಾಸ್ತಿ ತಿಳಿಯುತ್ತದೆ. ಎಫ್ ನಂಬರ್ ಸಣ್ಣದಿದ್ದಷ್ಟೂ ಲೆನ್ಸ್ ಬಾಯಿ ದೊಡ್ಡದು. ಎಫ್2.0 ಲೆನ್ಸ್‌ಗಿಂತ ಎಫ್1.0 ಲೆನ್ಸ್ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ.

ಮೆಗಾಪಿಕ್ಸೆಲ್ ಲೆಕ್ಕ ಒಮ್ಮೆ ಹೇಳಿಬಿಡಿ.

ಅಡ್ಡ ಚುಕ್ಕಿ ಗುಣಿಸು ಉದ್ದ ಚುಕ್ಕಿ, ಅಷ್ಟೇ. 720ಪಿ ಅಂದರೆ 1280 ಗುಣಿಸು 720, ಒಂದು ಮೆಗಾಪಿಕ್ಸೆಲ್‌ಗೆ ಸ್ವಲ್ಪ ಕಡಿಮೆ. 1080ಪಿ ಅಂದರೆ 1920 ಗುಣಿಸು 1080, ಅದು 2 ಮೆಗಾಪಿಕ್ಸೆಲ್. 4 ಅಂತ ಮಾರುವುದು ಸಾಮಾನ್ಯವಾಗಿ 2560 ಗುಣಿಸು 1440. 4ಕೆ ಅಂದರೆ 3840 ಗುಣಿಸು 2160, ಅದನ್ನೇ 8 ಮೆಗಾಪಿಕ್ಸೆಲ್ ಅನ್ನುತ್ತಾರೆ. 2ರಿಂದ 8ಕ್ಕೆ ಹೋದಾಗ ಚುಕ್ಕಿ ನಾಲ್ಕು ಪಟ್ಟಾದರೂ ಅಡ್ಡಕ್ಕೆ ನೋಡಿದರೆ ಎರಡೇ ಪಟ್ಟು. ಅಂದರೆ ಮುಖ ಗುರುತು ಸಿಗುವ ದೂರ ಎರಡು ಪಟ್ಟಾಗುತ್ತದೆ, ಅದೂ ಬೆಳಕು ಸರಿಯಾಗಿದ್ದರೆ.

ಹಳೇ ಡಬ್ಬಿಗಳ ಮೇಲೆ ಮೆಗಾಪಿಕ್ಸೆಲ್ ಬದಲು 600 ಟಿವಿಎಲ್, 700 ಟಿವಿಎಲ್ (ಟಿವಿ ಗೆರೆಗಳ ಲೆಕ್ಕ) ಅಂತ ಇರುತ್ತಿತ್ತು. ಅಂಥದ್ದು ಇನ್ನೂ ಗೋಡೆ ಮೇಲಿದ್ದರೆ ನಮಸ್ಕಾರ ಮಾಡಿ ಇಳಿಸಿಬಿಡಿ.

5 ಮೆಗಾಪಿಕ್ಸೆಲ್ ಹಾಕಿಸಿದ ಮೇಲೆ ರಾತ್ರಿ ಚಿತ್ರ ಮೊದಲಿಗಿಂತ ಕೆಟ್ಟಿದೆ. ಹೀಗೂ ಆಗುತ್ತಾ?

ಆಗುತ್ತದೆ. ನನ್ನ ಮನೆಯಲ್ಲೇ ಆಗಿದೆ.

ಹಳೇ ಹುಬ್ಬಳ್ಳಿಯ ಸಣ್ಣ ಓಣಿ ನಮ್ಮದು. ಬಾಗಿಲ ಮೇಲೆ 2 ಮೆಗಾಪಿಕ್ಸೆಲ್ ಇತ್ತು, ತೆಗೆದು ಹೊಸ 5 ಹಾಕಿದೆ. ಹಗಲು ನೋಡಿ ಖುಷಿಯಾಯಿತು, ಎದುರು ಮನೆ ಕಟ್ಟೆ ಮೇಲೆ ಒಣಗಲು ಹಾಕಿದ್ದ ಸಂಡಿಗೆ ಒಂದೊಂದೂ ಎಣಿಸಬಹುದಿತ್ತು. ತಿಂಗಳೊಳಗೆ ಒಂದು ರಾತ್ರಿ ನನ್ನದೇ ಗಾಡಿಯ ಬ್ಯಾಟರಿ ಕಳವಾಯಿತು. ರೆಕಾರ್ಡಿಂಗ್ ತೆಗೆದು ನೋಡಿದರೆ ಒಬ್ಬ ಬರುತ್ತಾನೆ, ಕೂಡುತ್ತಾನೆ, ಆರಾಮಾಗಿ ಬಿಚ್ಚಿಕೊಂಡು ಹೋಗುತ್ತಾನೆ. ಮುಖ ಇರುವ ಜಾಗದಲ್ಲಿ ಹಿಟ್ಟಿನ ಮುದ್ದೆ. ಪಕ್ಕದ ಮನೆ ಕಾಕಾ ಬಂದು ನೋಡಿ, "ಊರಿಗೆಲ್ಲ ಕ್ಯಾಮೆರಾ ಕೂಡಸ್ತಿ, ನಿನ್ನ ಮನ್ಯಾಗ ಹಿಂಗಾತಲ್ಲೋ" ಅಂದರು. ಅದನ್ನು ಈಗಲೂ ಅನ್ನುತ್ತಾರೆ.

ಕಾರಣ ಸರಳ. ಅರ್ಧ ಕೆಜಿ ಖೋವಾದಲ್ಲಿ 20 ಪೇಡೆ ಕಟ್ಟುವುದು ಬಿಟ್ಟು 80 ಕಟ್ಟಿದರೆ ಲೆಕ್ಕಕ್ಕೆ ಪೇಡೆ ಜಾಸ್ತಿ, ಬಾಯಿಗೆ ಹಾಕಿಕೊಂಡರೆ ಏನೂ ಇಲ್ಲ. ಬೆಳಕು ಆ ಖೋವಾ ಇದ್ದ ಹಾಗೆ. 1/2.8 ಇಂಚಿನ ಸೆನ್ಸರ್‌ನಲ್ಲಿ 2 ಮೆಗಾಪಿಕ್ಸೆಲ್ ಇದ್ದರೆ ಒಂದೊಂದು ಪಿಕ್ಸೆಲ್ ಸುಮಾರು 2.9 ಮೈಕ್ರಾನ್ ಅಗಲ. ಅಷ್ಟೇ ಸೆನ್ಸರ್‌ನಲ್ಲಿ 5 ತುಂಬಿದರೆ ಸುಮಾರು 2 ಮೈಕ್ರಾನ್. 8 ತುಂಬಿದರೆ 1.45, ಅಂದರೆ ಒಂದು ಪಿಕ್ಸೆಲ್‌ಗೆ ಸಿಗುವ ಬೆಳಕು 2 ಮೆಗಾಪಿಕ್ಸೆಲ್‌ನ ಕಾಲು ಭಾಗ. ಹಗಲು ಬೆಳಕು ಸುರಿಯುತ್ತಿರುವಾಗ ಕಾಲು ಭಾಗವೂ ಸಾಕು. ರಾತ್ರಿ ಸಾಲುವುದಿಲ್ಲ, ವಾರ್ತೆ ಸಣ್ಣದಾಗಿ ಗರ್ ಮೇಲೆ ಬರುತ್ತದೆ.

ಕ್ಯಾಮೆರಾ ಬದಲಿಸಲಿಲ್ಲ ನಾನು. ಗೇಟಿನ ಮೇಲೆ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಹಾಕಿದೆ. ಅದೇ ಕ್ಯಾಮೆರಾದಲ್ಲಿ ಈಗ ರಾತ್ರಿ ನಾಯಿ ಕೊರಳಿನ ಹಗ್ಗವೂ ಕಾಣುತ್ತದೆ. ನಾಲ್ಕು ಪಟ್ಟು ಬೆಳಕು ಕೊಟ್ಟರೆ ಎಸ್/ಎನ್ ಕಡಿಮೆಯೆಂದರೂ ಎರಡು ಪಟ್ಟಾಗುತ್ತದೆ, ಅಂದರೆ 6 ಡಿಬಿ ಏರುತ್ತದೆ. ಎರಡು ಡಿಬಿಗೆ ಸಾವಿರಗಟ್ಟಲೆ ಕೊಡುವ ಬದಲು ಬಲ್ಬ್ ಹಾಕಿಸಿ ಅನ್ನೋದು ಇದಕ್ಕೇ.

"0.01 ಲಕ್ಸ್" ಅಂದರೆ ಕತ್ತಲಲ್ಲೂ ಕಾಣುತ್ತದೆ ಅಂತ ಅರ್ಥ ಅಲ್ವಾ?

"ಏನೋ ಒಂದು" ಕಾಣುತ್ತದೆ ಅಂತ ಅರ್ಥ. ಲಕ್ಸ್ ಅನ್ನೋದು ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್, ಹುಣ್ಣಿಮೆ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ. 0.01 ಲಕ್ಸ್‌ನಲ್ಲಿ ಚಿತ್ರ ಬರಬೇಕಾದರೆ ಎಜಿಸಿ ಪೂರ್ತಿ ಏರಿರಬೇಕು, ಕೆಲವು ಸಲ ಶಟರ್ ಕೂಡ ನಿಧಾನ ಮಾಡಿರುತ್ತಾರೆ, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಸಮಯ ಜಾಸ್ತಿ ಮಾಡಿರುತ್ತಾರೆ. ತಮಾಷೆ ನೋಡಿ, ಎಸ್/ಎನ್ ಬರೆಯುವಾಗ ಎಜಿಸಿ ಆಫ್, ಲಕ್ಸ್ ಬರೆಯುವಾಗ ಎಜಿಸಿ ಆನ್. ಒಂದೇ ಹಾಳೆಯಲ್ಲಿ ಎರಡೂ ಇರುತ್ತವೆ, ನಿಮ್ಮ ಮನೆ ಮುಂದೆ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಐಆರ್ ಅಂದರೆ ಕ್ಯಾಮೆರಾ ತಾನೇ ಬಿಡುವ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. "ಐಆರ್ ಆನ್ ಇದ್ದಾಗ 0 ಲಕ್ಸ್" ಅಂತ ಬರೆದದ್ದಂತೂ ಬ್ಯಾಟರಿ ಹಚ್ಚಿಕೊಂಡು ಕತ್ತಲಲ್ಲಿ ಕಾಣುತ್ತದೆ ಅಂದ ಹಾಗೆ.

ಬೈಕ್ ನಂಬರ್ ಪ್ಲೇಟ್ ಓದಲು ಬರುತ್ತಿಲ್ಲ. ಇನ್ನೂ ದೊಡ್ಡ ಮೆಗಾಪಿಕ್ಸೆಲ್ ಬೇಕಾ?

ಮೊದಲು ಶಟರ್ ನೋಡಿ. ಗಂಟೆಗೆ 30 ಕಿಮೀ ವೇಗದ ಬೈಕ್ ಒಂದು ಸೆಕೆಂಡಿಗೆ 8 ಮೀಟರ್ ದಾಟುತ್ತದೆ. ರಾತ್ರಿ ಶಟರ್ 1/25 ಸೆಕೆಂಡ್‌ಗೆ ಇಳಿದಿದ್ದರೆ ಒಂದು ಫೋಟೋ ತೆಗೆಯುವಷ್ಟರಲ್ಲಿ ಗಾಡಿ 33 ಸೆಂಟಿಮೀಟರ್ ಸರಿದಿರುತ್ತದೆ. ಪ್ಲೇಟ್ ಅಳಿಸಿ ಹೋಗದೆ ಇನ್ನೇನಾಗುತ್ತದೆ? 1/250 ಮಾಡಿದರೆ 3 ಸೆಂಟಿಮೀಟರ್ ಚಿಲ್ಲರೆ. ಆದರೆ ಬೆಳಕು ಹತ್ತನೇ ಒಂದು ಭಾಗ ಆಗುತ್ತದೆ, ನಾಯ್ಸ್ ಮತ್ತೆ ಹತ್ತಿ ಕೂಡುತ್ತದೆ. ಸುತ್ತಿ ಬಳಸಿ ಬೆಳಕಿಗೇ ಬಂದೆವು. ಪ್ಲೇಟ್ ಬೇಕೇ ಬೇಕು ಅಂದರೆ ಗೇಟಿಗೆ ಅಂತಲೇ ಒಂದು ಬೇರೆ ಕ್ಯಾಮೆರಾ, ಕೆಳಗೆ, ನೇರ, ಹತ್ತಿರ.

ಎಷ್ಟು ದೂರದವರೆಗೆ ಮುಖ ಗುರುತು ಸಿಗುತ್ತದೆ?

ಇದಕ್ಕೆ ಸರಿಯಾದ ಲೆಕ್ಕ ಇದೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಪ್ರಕಾರ ಒಂದು ಮೀಟರ್ ಜಾಗಕ್ಕೆ 25 ಪಿಕ್ಸೆಲ್ ಬಿದ್ದರೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ. 125 ಬಿದ್ದರೆ ಪರಿಚಯದವರಾದರೆ ಇವರೇ ಅನ್ನಬಹುದು. ಪರಿಚಯ ಇಲ್ಲದವರ ಗುರುತು ಹಚ್ಚಲು 250 ಬೇಕು.

ಈಗ ನಿಮ್ಮ ಅಂಗಡಿಗೆ ಹಚ್ಚಿ ನೋಡೋಣ. 1/2.8 ಇಂಚಿನ ಸೆನ್ಸರ್, 2 ಮೆಗಾಪಿಕ್ಸೆಲ್, 2.8 ಮಿಮೀ ಲೆನ್ಸ್. 10 ಮೀಟರ್ ದೂರದಲ್ಲಿ ಇದು ಸುಮಾರು 20 ಮೀಟರ್ ಅಗಲ ನೋಡುತ್ತದೆ. 1920 ಭಾಗಿಸು 20, ಮೀಟರ್‌ಗೆ 96 ಚುಕ್ಕಿ. ಪರಿಚಯದವರೂ ಕಷ್ಟವೇ. 250 ಸಿಗಬೇಕಾದರೆ ಆ ಮನುಷ್ಯ 4 ಮೀಟರ್ ಒಳಗೆ ಬರಬೇಕು. ಅದೇ ಕ್ಯಾಮೆರಾಕ್ಕೆ 6 ಮಿಮೀ ಲೆನ್ಸ್ ಇದ್ದರೆ ಎಂಟು ಮೀಟರ್ ಚಿಲ್ಲರೆವರೆಗೆ ಸಿಗುತ್ತದೆ, ಆದರೆ ನೋಟ ಕಿರಿದಾಗುತ್ತದೆ. ಮೆಗಾಪಿಕ್ಸೆಲ್ ಏರಿಸದೆ, ಬರೀ ಲೆನ್ಸ್ ಸರಿ ಆರಿಸಿ ಕೆಲಸ ಮುಗಿಸಬಹುದು ಅನ್ನೋದನ್ನು ನಮ್ಮ ಕಡೆ ಯಾರೂ ಹೇಳುವುದೇ ಇಲ್ಲ. 2.8 ಹಾಕಿದರೆ "ಇಡೀ ಓಣಿ ಕಾಣಾಕತ್ತೇತಿ ನೋಡ್ರಿ" ಅಂತ ಗ್ರಾಹಕರೂ ಖುಷಿ, ಕೂಡಿಸಿದವರೂ ಖುಷಿ.

ಸುಮ್ನೆ ಒಂದು ಲೆಕ್ಕ ಹಾಕಿದ್ದೆ. ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಅದರ ಉದ್ದಕ್ಕೂ ಮೀಟರ್‌ಗೆ 250 ಚುಕ್ಕಿ ಬೇಕು ಅಂದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾ 197 ಬೇಕು. ನಾಲ್ಕು ಕ್ಯಾಮೆರಾದಲ್ಲಿ ಇಡೀ ಲೇಔಟ್‌ನ ಪ್ರತಿ ಮುಖ ಬೇಕು ಅನ್ನುವವರಿಗೆ ಇದನ್ನು ಹೇಳುತ್ತೇನೆ.

ರೆಕಾರ್ಡ್ ಆದದ್ದನ್ನು ಜೂಮ್ ಮಾಡಿದರೆ?

ಚುಕ್ಕಿ ದೊಡ್ಡದಾಗುತ್ತದೆ, ಹೊಸದೇನೂ ಹುಟ್ಟುವುದಿಲ್ಲ. ಟಿವಿ ಧಾರಾವಾಹಿಯ ಪೊಲೀಸರಿಗೆ ಮಾತ್ರ ಅದು ಸಾಧ್ಯ.

ಡಬ್ಲ್ಯೂಡಿಆರ್ 120 ಡಿಬಿ ಅಂತಲೂ ಇದೆ. ಅದು ಎಸ್/ಎನ್‌ಗಿಂತ ಜಾಸ್ತಿ ಒಳ್ಳೇದಾ?

ಎರಡೂ ಬೇರೆ ಬೇರೆ, ಅಳತೆಗೋಲು ಮಾತ್ರ ಒಂದೇ. ದುರ್ಗದ ಬೈಲಿನ ಕಡೆ ಒಂದು ಬಟ್ಟೆ ಅಂಗಡಿ ನೆನಪು ಮಾಡಿಕೊಳ್ಳಿ. ಒಳಗೆ ಮಂದ ಬೆಳಕು, ಬಾಗಿಲ ಆಚೆ ಉರಿಬಿಸಿಲು. ಬಾಗಿಲಲ್ಲಿ ನಿಂತವರ ಮುಖ ಕಪ್ಪಾಗಿ, ಹಿಂದಿನ ರಸ್ತೆ ಬೆಳ್ಳಗೆ ಕಾಣುತ್ತದಲ್ಲ, ಅದನ್ನು ಸರಿ ಮಾಡುವುದು ಡಬ್ಲ್ಯೂಡಿಆರ್. 120 ಡಿಬಿ ಅಂದರೆ ಅತಿ ಕತ್ತಲಿಗೂ ಅತಿ ಬೆಳಕಿಗೂ ಹತ್ತು ಲಕ್ಷ ಪಟ್ಟು ಅಂತರ ಇದ್ದರೂ ಎರಡನ್ನೂ ತೋರಿಸುತ್ತದೆ ಅಂತ. ಕಡಿಮೆ ಮತ್ತು ಜಾಸ್ತಿ ಬೆಳಕಿನ ಎರಡು ಮೂರು ಚಿತ್ರ ತೆಗೆದು ಕೂಡಿಸಿ ಇದನ್ನು ಮಾಡುತ್ತವೆ. "ಡಿ-ಡಬ್ಲ್ಯೂಡಿಆರ್" ಅಂತ ಇದ್ದರೆ ಅದು ಸಾಫ್ಟ್‌ವೇರ್ ಬಣ್ಣ ಹಚ್ಚಿದ್ದು. ಕಪ್ಪು ಜಾಗವನ್ನು ಎತ್ತಿ ತೋರಿಸುತ್ತದೆ, ಜೊತೆಗೆ ಅಲ್ಲಿ ಅಡಗಿದ್ದ ನಾಯ್ಸ್ ಕೂಡ ಎದ್ದು ಬರುತ್ತದೆ.

ರಸ್ತೆಗೆ ಮುಖ ಮಾಡಿದ ಬಾಗಿಲಿಗೆ ಡಬ್ಲ್ಯೂಡಿಆರ್ ಬೇಕು. ಕತ್ತಲ ಗೋದಾಮಿಗೆ ಅದರ ಉಪಯೋಗ ಇಲ್ಲ, ರಾತ್ರಿ ಬಂದ್ ಇಟ್ಟರೇ ಒಳ್ಳೇದು.

3ಡಿ ಡಿಎನ್‌ಆರ್ ಇದ್ದರೆ ನಾಯ್ಸ್ ಹೋಗುತ್ತದೆ ಅಂತಾರೆ?

ಹೋಗುತ್ತದೆ, ಮೊರದಲ್ಲಿ ಜೋಳ ಕೇರಿದ ಹಾಗೆ. ಹದವಾಗಿ ಕೇರಿದರೆ ಹೊಟ್ಟು ಹಾರುತ್ತದೆ, ಜೋರು ಮಾಡಿದರೆ ಕಾಳೂ ಹಾರುತ್ತದೆ. ಇದು ಹಿಂದಿನ ಫ್ರೇಮ್, ಈಗಿನ ಫ್ರೇಮ್ ಹೋಲಿಸಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಚುಕ್ಕಿಯನ್ನು ಹೊಟ್ಟು ಅಂತ ತೆಗೆಯುತ್ತದೆ. ನಿಂತ ಗೋಡೆ ಚೊಕ್ಕ ಆಗುತ್ತದೆ. ಓಡುವ ಮನುಷ್ಯ? ಅವನೂ ಪ್ರತಿ ಫ್ರೇಮ್‌ನಲ್ಲಿ ಬೇರೆ ಜಾಗದಲ್ಲಿ ಇರುತ್ತಾನಲ್ಲ, ಹಾಗಾಗಿ ಅವನ ಹಿಂದೆ ನೆರಳಿನ ಬಾಲ ಬೆಳೆಯುತ್ತದೆ, ಮುಖ ಮೇಣದ ಹಾಗೆ ಕರಗುತ್ತದೆ. ನನ್ನ ಬ್ಯಾಟರಿ ಕಳ್ಳನ ಮುಖ ಮುದ್ದೆಯಾದದ್ದರಲ್ಲಿ ಇದರ ಪಾಲೂ ಇತ್ತು. ಸೆಟ್ಟಿಂಗ್‌ನಲ್ಲಿ ನಡು ಮಟ್ಟಕ್ಕೆ ಇಟ್ಟು, ರಾತ್ರಿ ಯಾರನ್ನಾದರೂ ನಡೆಸಿ ನೋಡಿ.

ಕ್ಯಾಮೆರಾ 1080ಪಿ, ಆದರೂ ರೆಕಾರ್ಡಿಂಗ್ ಮಬ್ಬು. ಯಾಕೆ?

ಡಿವಿಆರ್ (ರೆಕಾರ್ಡ್ ಮಾಡುವ ಡಬ್ಬಿ) ಮೆನುವಿನಲ್ಲಿ "1080ಎನ್" ಅಥವಾ "1080ಪಿ ಲೈಟ್" ಅಂತ ಇದೆಯಾ ನೋಡಿ. ಅದು 960 ಗುಣಿಸು 1080. ಅಡ್ಡ ಚುಕ್ಕಿಗಳಲ್ಲಿ ಅರ್ಧ ಬಿಟ್ಟು, ತೋರಿಸುವಾಗ ಎಳೆದು ಅಗಲ ಮಾಡುತ್ತದೆ. ಕಡಿಮೆ ಬೆಲೆಯ ಎಷ್ಟೋ ಡಿವಿಆರ್‌ಗಳು ಹೀಗೇ. ಮುಖದ ಲೆಕ್ಕ ಹಾಕಿದೆವಲ್ಲ, ಅದರಲ್ಲಿ 1920 ತೆಗೆದು 960 ಹಾಕಿ. 4 ಮೀಟರ್ ಇದ್ದದ್ದು 2 ಆಗುತ್ತದೆ. ಕ್ಯಾಮೆರಾಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ಮಣ್ಣಿಗೆ.

ಮೊಬೈಲ್‌ನಲ್ಲಿ ಮಾತ್ರ ಮಬ್ಬು ಅಂದರೆ ಬೇರೆ ಮಾತು. ಆ್ಯಪ್ ಡೇಟಾ ಉಳಿಸಲು ಸಬ್ ಸ್ಟ್ರೀಮ್, ಅಂದರೆ ಕಡಿಮೆ ಚುಕ್ಕಿಯ ಚಿತ್ರ ತೋರಿಸುತ್ತದೆ, ಎಚ್‌ಡಿ ಬಟನ್ ಒತ್ತಿ.

ಚಿತ್ರದ ಮೇಲೆ ಅಡ್ಡ ಗೆರೆ ಓಡುತ್ತವೆ. ಇದೂ ಎಸ್/ಎನ್ ಕಡಿಮೆ ಅಂತಲಾ?

ಒಂದು ರೀತಿಯಲ್ಲಿ ಹೌದು, ಆದರೆ ಈ ಗರ್ ಹುಟ್ಟಿದ್ದು ಕ್ಯಾಮೆರಾದಲ್ಲಿ ಅಲ್ಲ, ದಾರಿಯಲ್ಲಿ. ಕೇಬಲ್ ಅನ್ನು ಕರೆಂಟ್ ವೈರ್ ಜೊತೆ ಒಂದೇ ಪೈಪಿನಲ್ಲಿ ಎಳೆದಿರುತ್ತಾರೆ, ಇಲ್ಲವೇ ಎರಡು ಕಡೆ ಅರ್ಥಿಂಗ್ ಸಿಕ್ಕಿ ಗ್ರೌಂಡ್ ಲೂಪ್ ಆಗಿರುತ್ತದೆ, ಇಲ್ಲವೇ ಕೇಬಲ್ ತುದಿಯ ಬಿಎನ್‌ಸಿ ಪಿನ್ ಸಡಿಲ. ಟ್ಯೂಬ್‌ಲೈಟ್ ಹಾಕಿದಾಗ ಮಾತ್ರ ಪಟ್ಟಿ ಬರುತ್ತಿದ್ದರೆ ಸೆಟ್ಟಿಂಗ್ 60 ಹರ್ಟ್ಸ್‌ನಲ್ಲಿ ಇರುತ್ತದೆ, ನಮ್ಮ ಕರೆಂಟ್ 50, ಬದಲಿಸಿ.

ಗದಗದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್‌ನಿಂದ ಫೋನ್ ಬಂತು. ಹಗಲೆಲ್ಲ ಸರಿ, ಸಂಜೆ ಏಳಕ್ಕೆ ಹಿಂದಿನ ಕ್ಯಾಮೆರಾ ಹೋಗಿ ಬಂದು ಮಾಡುತ್ತದೆ ಅಂತ. "ಏನರ ದೆವ್ವ ಗಿವ್ವ ಐತೇನ್ರಿ" ಅಂದರು, ನಗುತ್ತಲೇ. 90 ಮೀಟರ್ ಆಚೆ ಕ್ಯಾಮೆರಾ, ಚಿತ್ರವೂ ಕರೆಂಟೂ ಒಟ್ಟಿಗೆ ಹೋಗುವ ಅಗ್ಗದ ತ್ರೀ ಪ್ಲಸ್ ಒನ್ ಕೇಬಲ್, ಒಳಗೆ ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ಲೇಪ. ಕತ್ತಲಾದ ಕೂಡಲೇ ಐಆರ್ ಹತ್ತುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ, ಅಷ್ಟು ಉದ್ದದ ತಂತಿಯಲ್ಲಿ 12 ವೋಲ್ಟ್ ಕುಸಿದು ಕ್ಯಾಮೆರಾ ಆರುತ್ತದೆ. ಆರಿದ ಮೇಲೆ ವೋಲ್ಟೇಜ್ ಏರುತ್ತದೆ, ಮತ್ತೆ ಹತ್ತುತ್ತದೆ. ಹತ್ತಿರದಲ್ಲೇ ಬೇರೆ ಅಡಾಪ್ಟರ್ ಹಾಕಿದೆ, ದೆವ್ವ ಹೋಯಿತು.

ಹಾರ್ಡ್ ಡಿಸ್ಕ್ ಹೇಳಿದಷ್ಟು ದಿನ ಬರುತ್ತಿಲ್ಲ. ಇದಕ್ಕೂ ನಾಯ್ಸ್‌ಗೂ ಸಂಬಂಧ ಇದೆಯಾ?

ಇದೆ. ರೆಕಾರ್ಡರ್ ಬದಲಾದ ಭಾಗವನ್ನು ಮಾತ್ರ ಬರೆದುಕೊಂಡು ಜಾಗ ಉಳಿಸುತ್ತದೆ. ನಾಯ್ಸ್ ಅನ್ನೋದು ಪ್ರತಿ ಫ್ರೇಮ್‌ಗೂ ಬದಲಾಗುತ್ತಲೇ ಇರುತ್ತದೆ. ಖಾಲಿ ಓಣಿಯಲ್ಲಿ ಇಡೀ ರಾತ್ರಿ ಇರುವೆಗಳ ಜಾತ್ರೆ, ರೆಕಾರ್ಡರ್ ಅದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಳ್ಳುತ್ತದೆ.

ಕ್ಯಾಮೆರಾದಿಂದ ಡೇಟಾ ಹರಿಯುವ ವೇಗವನ್ನು ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಅಳೆಯುತ್ತಾರೆ. 1 ಎಂಬಿಪಿಎಸ್ ಅಂದರೆ ದಿನಕ್ಕೆ 10.8 ಜಿಬಿ. ನಾಲ್ಕು ಕ್ಯಾಮೆರಾ, ತಲಾ 2 ಎಂಬಿಪಿಎಸ್ ಅಂದರೆ ದಿನಕ್ಕೆ 86 ಜಿಬಿ, 1 ಟಿಬಿ ಡಿಸ್ಕ್ ಹನ್ನೊಂದು ದಿನ ಬರುತ್ತದೆ. 4 ಎಂಬಿಪಿಎಸ್‌ಗೆ ಏರಿದರೆ ಆರು ದಿನವೂ ಇಲ್ಲ. ಜನ ಜಾಸ್ತಿ ಸೇರುವ ಜಾಗಗಳಿಗೆ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017ರ ಪ್ರಕಾರ 30 ದಿನದ ರೆಕಾರ್ಡಿಂಗ್ ಇಡಬೇಕು, ಅಂಥವರು ಡಿಸ್ಕ್ ತರುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮು ಇದೆ. ರಾತ್ರಿ ಐಆರ್ ಸಾಕಾ, ಬಣ್ಣದ್ದೇ ಬೇಕಾ?

ಐಆರ್‌ನಲ್ಲಿ ಚಿತ್ರ ಕಪ್ಪು ಬಿಳುಪು. ಕಡುಗೆಂಪು ಕಾಯಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚೀಲದ ಮೇಲೆ ಹಚ್ಚಿದ ಬಣ್ಣದ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಬ್ಯಾಡಗಿಯಲ್ಲಿ ಬಣ್ಣಕ್ಕೇ ಬೆಲೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಯಾವ ಚೀಲ ಯಾರದ್ದು ಅಂತ ಜಗಳ ಬಂದರೆ ಆ ಚಿತ್ರ ಏನೂ ಹೇಳುವುದಿಲ್ಲ. ಬೆಳಕು ಹಾಕಿಸಿ, ಎಫ್1.0 ಲೆನ್ಸ್‌ನ ಬಣ್ಣದ ಕ್ಯಾಮೆರಾ ಹಾಕಿಸಿ.

ಇನ್ನೊಂದು, ಸೀಸನ್‌ನಲ್ಲಿ ಕಾಯಿ ಧೂಳು ಕ್ಯಾಮೆರಾ ಗಾಜಿನ ಮೇಲೆ ಕೆಂಪಗೆ ಕೂತಿರುತ್ತದೆ. ಐಆರ್ ಬೆಳಕು ಆ ಧೂಳಿಗೆ ಬಡಿದು ವಾಪಸ್ ಲೆನ್ಸ್ ಒಳಗೆ ಬರುತ್ತದೆ, ಚಿತ್ರ ಮಂಜು ಕವಿದ ಹಾಗೆ. ಸಾಹುಕಾರರೊಬ್ಬರು ಕ್ಯಾಮೆರಾ ಕೆಟ್ಟಿದೆ ಅಂತ ಹುಬ್ಬಳ್ಳಿಯಿಂದ ಕರೆಸಿದರು. ಏಣಿ ಹತ್ತಿ ಉಫ್ ಅಂತ ಊದಿದೆ. ಚಿತ್ರ ಸರಿಯಾಯಿತು, ನಾನು ಹತ್ತು ನಿಮಿಷ ಸೀನಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಊದಬೇಡಿ.

ಕೊನೆಗೆ ಯಾವುದು ಕೊಳ್ಳಲಿ?

ಮನೆ, ಸಣ್ಣ ಅಂಗಡಿಗೆ ಒಳ್ಳೆ ಸೆನ್ಸರ್‌ನ 2 ಅಥವಾ 4 ಮೆಗಾಪಿಕ್ಸೆಲ್ ಸಾಕು ಅನ್ನೋದು ನನ್ನ ಅಭಿಪ್ರಾಯ. 8 ಬೇಕೆಂದರೆ 1/1.8 ಇಂಚಿನ ಸೆನ್ಸರ್ (1/2.8ಕ್ಕಿಂತ ದೊಡ್ಡದು) ಇರುವುದನ್ನು ನೋಡಿ. ಅಂಗಡಿಯವರು ಹಗಲಿನ ಡೆಮೊ ತೋರಿಸಿದರೆ "ರಾತ್ರಿ ರೆಕಾರ್ಡಿಂಗ್ ತೋರಸ್ರಿ, ಯಾರರ ನಡದಾಡಿದ್ದು" ಅನ್ನಿ. ಲೈವ್ ಬೇಡ, ರೆಕಾರ್ಡಿಂಗ್. ಡಿಬಿ, ಲಕ್ಸ್, ಡಿಎನ್‌ಆರ್, 1080ಎನ್ ಎಲ್ಲದರ ಬಂಡವಾಳ ಅಲ್ಲೇ ಬಯಲಾಗುತ್ತದೆ.

ರಾತ್ರಿ ಬಿಳಿ ದಾರದ ಹಾಗೆ ಏನೋ ಅಲುಗಾಡುತ್ತದೆ, ಪದೇ ಪದೇ ಅಲರ್ಟ್ ಬರುತ್ತದೆ.

ಜೇಡರ ಬಲೆ. ಕಸಬರಿಗೆ ತೆಗೆದುಕೊಳ್ಳಿ.